ಅವರು ತಂದರೆ ಪ್ರಭಾವ, ಇವರು ತಂದರೆ ಅನುಕರಣ!

ವಂಗಸಾಹಿತ್ಯದ ಕಥೆಯನ್ನು ಹೇಳುವವರಲ್ಲಿ ಬಹುಮಂದಿಗೆ ಒಂದು ಚಾಳಿಯುಂಟು. ಹತ್ತೊಂಬತ್ತನೆಯ ಶತಮಾನದ ಬಂಗಾಳಿ ಕಾವ್ಯವು ಇಂಗ್ಲಿಷಿಗೆ ಸಲ್ಲಿಸಬೇಕಾದ ಋಣವನ್ನು ಲೆಕ್ಕ ಹಾಕುವಾಗ ಬೈರನ್, ಸ್ಕಾಟ್, ಷೆಲ್ಲಿ, ವರ್ಡ್ಸ್‌ವರ್ತ್ ಎಂದು ಗಂಡಸರ ನಾಮಾವಳಿಯನ್ನು ಪಠಿಸಿ ಕೈತೊಳೆದುಕೊಳ್ಳುತ್ತಾರೆ. ಅದೇ ಕಾಲದಲ್ಲಿ ಮನೆಮನೆಗಳಲ್ಲಿಯೂ ಓದಿಸಿಕೊಂಡ ಫೆಲಿಷಿಯಾ ಹೆಮನ್ಸ್ (1793–1835), ಎಲ್.ಇ.ಎಲ್. ಎಂಬ ಮೂರಕ್ಷರಗಳಿಂದಲೇ ಪ್ರಖ್ಯಾತಳಾದ ಲೆಟಿಷಿಯಾ ಲ್ಯಾಂಡನ್ (1802–1838) ಇವರಿಗೆ ಆ ಪಂಕ್ತಿಯಲ್ಲಿ ಎಲೆಯಿಲ್ಲ. ಆದರೆ ಬಂಗಾಳದ ಹೆಣ್ಣುಮಗಳೊಬ್ಬಳು ಪದ್ಯ ಬರೆದಳೆಂದರೆ ಸಾಕು, ಮರೆತ ಹೆಸರುಗಳು ತಟ್ಟನೆ ನೆನಪಾಗುತ್ತವೆ. ಇದು ಆಂಗ್ಲ ಕವಯಿತ್ರಿಯರ ನೆರಳು, ಇದು ಅಡುಗೆಮನೆಯ ಕಣ್ಣೀರು ಎಂಬ ತೀರ್ಪು ಹೊರಬೀಳುತ್ತದೆ. ಇದು ಯಾವ ಊರಿನ ನ್ಯಾಯ?

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ನನ್ನಂಥವರಿಗೆ ಹೆಮನ್ಸಳ ಪರಿಚಯ ಮಾಡಿಸಬೇಕಾಗಿಲ್ಲ. ಉರಿಯುವ ಹಡಗಿನ ಮೇಲೆ ತಂದೆಯ ಅಪ್ಪಣೆಗಾಗಿ ಕಾದು ನಿಂತ ಬಾಲಕನ ಕಥನಗೀತೆ 'ಕಾಸಾಬಿಯಾಂಕಾ' (1826) ನಮ್ಮ ದೇಶದ ಇಂಗ್ಲಿಷ್ ವಾಚಿಕೆಗಳಲ್ಲಿ ಎಷ್ಟೋ ತಲೆಮಾರುಗಳ ಮಕ್ಕಳಿಗೆ ಬಾಯಿಪಾಠವಾಗಿತ್ತು. ಹುಡುಗನ ಹೆಸರು ಉಳಿಯಿತು. ಬರೆದವಳ ಹೆಸರು ಉದುರಿತು. ನಮ್ಮ ಕನ್ನಡದ ಅವಸ್ಥೆಯೂ ಬೇರೆಯಲ್ಲ. ಶ್ರೀಯವರ 'ಇಂಗ್ಲಿಷ್ ಗೀತಗಳು' ಸಂಗ್ರಹದ 'ಮುದಿಯ ರಾಮೇಗೌಡ'ನನ್ನು ಬಲ್ಲವರು ಬಹಳ. ಅದರ ಮೂಲವು ಲೇಡಿ ಆನ್ ಲಿಂಡ್ಸೆ ಎಂಬ ಸ್ಕಾಟ್ಲೆಂಡಿನ ಹೆಣ್ಣುಮಗಳದೆಂದು ಬಲ್ಲವರೆಷ್ಟು? ಅದು ನನ್ನದೆಂದು ಆಕೆ ವಾಲ್ಟರ್ ಸ್ಕಾಟನಿಗೆ ಒಪ್ಪಿಕೊಂಡದ್ದು 1823ರಲ್ಲಿ, ಬರೆದು ಸುಮಾರು ಐವತ್ತು ವರ್ಷಗಳಾದ ಮೇಲೆ!

ಇರಲಿ, ಬಂಗಾಳಕ್ಕೆ ಬರೋಣ. ಅಲ್ಲಿ ಈ ಕವಯಿತ್ರಿಯರ ಪ್ರಭಾವವನ್ನು ಮೊದಲು ಕಂಡವನು ಹೆಂಗಸಲ್ಲ; ಹಿಂದೂ ಕಾಲೇಜಿನ ತರುಣ ಅಧ್ಯಾಪಕ ಹೆನ್ರಿ ಡಿರೋಜಿಯೋ (1809–1831). ಅವನು ಬರೆದದ್ದು ಇಂಗ್ಲಿಷಿನಲ್ಲಿ, ಬಂಗಾಳಿಯಲ್ಲಲ್ಲ. ಆದರೂ ಕಲಕತ್ತೆಯ ಹೊಸ ಕಾವ್ಯದ ಹೊಸ್ತಿಲಲ್ಲಿ ನಿಂತವನು ಅವನೇ. ಅವನು ಲ್ಯಾಂಡನ್ನಳನ್ನು ಮೆಚ್ಚಿ ಓದಿದ್ದನೆಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಆಕೆಯ 'ದಿ ಇಂಪ್ರೊವಿಸಾಟ್ರಿಸ್' (1824) ಕಾವ್ಯದಲ್ಲಿ ಚಿತೆಯೇರುವ ಹಿಂದೂ ವಧುವಿನ ಕಥೆಯೊಂದಿದೆ. ಭಾರತವನ್ನು ಕಣ್ಣಾರೆ ಕಾಣದ ಆಕೆಗೆ ಸಹಗಮನವು ಪ್ರೇಮದ ದುರಂತ ಸೌಂದರ್ಯವಾಗಿ ತೋರಿತು. ಡಿರೋಜಿಯೋ ಹತ್ತೊಂಬತ್ತರ ಹರೆಯದಲ್ಲಿ 'ದಿ ಫಕೀರ್ ಆಫ್ ಜಂಘೀರಾ' (1828) ಬರೆದಾಗ ಅದೇ ಚಿತೆ, ಅದೇ ವಧು. ಆದರೆ ಇಲ್ಲಿ ನಳಿನಿಯನ್ನು ಅವಳ ಪ್ರಿಯಕರನು ಬೆಂಕಿಯ ಬಾಯಿಂದ ಸೆಳೆದೊಯ್ಯುತ್ತಾನೆ. ಸಹಗಮನ ನಿಷೇಧದ ಶಾಸನವಾದದ್ದು 1829ರ ಡಿಸೆಂಬರಿನಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಪ್ರಭಾವವೆಂದರೆ ಇದು: ಓದಿದ್ದಕ್ಕೆ ಎದುರು ಮಾತನಾಡುವುದು. ಇದನ್ನು ಯಾರೂ ಅನುಕರಣವೆನ್ನಲಿಲ್ಲ, ಎನ್ನಬಾರದು ಕೂಡ.

ರವೀಂದ್ರರನ್ನೇ ನೋಡಿ. 1886ರ 'ಕಡಿ ಓ ಕೋಮಲ'ದ ಕಾಲದಲ್ಲಿ ಅವರು ಪರದೇಶದ ಹೂಗಳೆಂದು ಪೋಣಿಸಿದ ಅನುವಾದಗಳಲ್ಲಿ ಷೆಲ್ಲಿ, ಹ್ಯೂಗೋ ಇವರ ಜೊತೆಗೆ ಶ್ರೀಮತಿ ಬ್ರೌನಿಂಗ್ ಇದ್ದಾಳೆ, ಕ್ರಿಸ್ಟಿನಾ ರೊಸೆಟ್ಟಿ ಇದ್ದಾಳೆ. ಇವರಿಬ್ಬರೂ ಹೆಮನ್ಸ್, ಲ್ಯಾಂಡನ್ನರು ಸವೆಸಿದ ಹಾದಿಯಲ್ಲಿ ನಡೆದು ಬಂದ ಮುಂದಿನ ಪೀಳಿಗೆಯವರು. ಕವಿಗುರುಗಳು ಅವರನ್ನು ಅರಗಿಸಿಕೊಂಡರೆಂದು ನಾವು ಕೊಂಡಾಡುತ್ತೇವೆ. ಸರಿಯೇ. ಆದರೆ ಅರಗಿಸಿಕೊಳ್ಳುವ ಜಠರಾಗ್ನಿಯನ್ನು ವಿಧಾತನು ಗಂಡಸರಿಗಷ್ಟೇ ಕೊಟ್ಟನೇನು?

ಗಿರೀಂದ್ರಮೋಹಿನಿ ದಾಸಿಯವರ 'ಅಶ್ರುಕಣಾ' 1887ರಲ್ಲಿ ಬಂದಿತು. ಪತಿಯನ್ನು ಕಳೆದುಕೊಂಡ ಹೆಂಗಸು ಬರೆದ ಶೋಕಗೀತೆಗಳವು. ಮಾನಕುಮಾರಿ ಬಸು ಅವರೂ ಎಳವೆಯಲ್ಲಿಯೇ ವಿಧವೆಯಾದವರು. ಅವರ 'ಕಾವ್ಯಕುಸುಮಾಂಜಲಿ' 1893ರದು. ಇಂಥವರ ಪದ್ಯಗಳಲ್ಲಿ ಮನೆ, ಮಗು, ಮರಣ, ವಿರಹ ಬಂದರೆ ಅದು ಹೆಮನ್ಸಳಿಂದ ಬಂದಿತಂತೆ! ಬಂಗಾಳದ ವಿಧವೆಯ ಕಣ್ಣೀರು ಲಂಡನ್ನಿನಿಂದ ಹಡಗೇರಿ ಬರಬೇಕಾಗಿತ್ತೇ? ಗಂಡನಿಂದ ಬೇರೆಯಾಗಿ ಐವರು ಗಂಡುಮಕ್ಕಳನ್ನು ಲೇಖನಿಯ ಸಂಪಾದನೆಯಿಂದಲೇ ಸಾಕಿದ ಹೆಮನ್ಸಳೂ, ಏಕಾದಶಿಯ ಉಪವಾಸದಲ್ಲಿ ಬಾಳು ಸವೆಸಿದ ವಂಗವಿಧವೆಯೂ ಒಂದೇ ಸ್ವರ ಎತ್ತಿದರೆ ಅದು ಪರಿಸ್ಥಿತಿಯ ಸಾಮ್ಯ. ಪ್ರಭಾವ ಬೇರೆ, ಸಮದುಃಖ ಬೇರೆ. ಲ್ಯಾಂಡನ್ ಮೂರಕ್ಷರಗಳ ಹಿಂದೆ ನಿಂತಳು. ಗಿರೀಂದ್ರಮೋಹಿನಿಯವರ ಮೊದಲ ಪುಸ್ತಕವು 'ಒಬ್ಬ ಹಿಂದೂ ಮಹಿಳೆಯ ಪತ್ರಾವಳಿ' ಎಂಬ ಅರ್ಥದ ಹೆಸರಿನಲ್ಲಿ ಹೊರಬಂದಿತು. ಈ ಮುಸುಕೂ ಅನುಕರಣವೇ?

ಇಂಗ್ಲಿಷಿನಿಂದ ಏನೂ ಬರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಬಂದಿತು. ವೈಷ್ಣವ ಪದಾವಳಿಯಲ್ಲಿ ಶತಮಾನಗಳ ಕಾಲ ಗಂಡಸರೇ ರಾಧೆಯ ಬಾಯಾಗಿದ್ದರು. ಹೆಣ್ಣು ತನ್ನ ಮಾತನ್ನು ತಾನೇ ಆಡಿ ಅಚ್ಚು ಹಾಕಿಸಬಹುದೆಂಬುದಕ್ಕೆ ಹೆಮನ್ಸ್ ಮೊದಲಾದವರು ನಿದರ್ಶನವಾದರು. ನನ್ನ ಮಟ್ಟಿಗೆ ಅವರ ಛಂದಸ್ಸಿಗಿಂತ, ಅವರ ಹೂವು ಹೊಳೆಗಳಿಗಿಂತ ಈ ನಿದರ್ಶನವೇ ದೊಡ್ಡದು.

ಹೆಮನ್ಸ್ 'ರೆಕಾರ್ಡ್ಸ್ ಆಫ್ ವುಮನ್' (1828) ಎಂಬ ಸಂಗ್ರಹದಲ್ಲಿ ನಾನಾ ದೇಶಗಳ ಸ್ತ್ರೀಯರ ಕಥೆಗಳನ್ನು ಹಾಡಿದಳು. ಕಾಮಿನಿ ರಾಯ್ (1864–1933) ಅವರು ಬಾಣನ ಮಹಾಶ್ವೇತೆಯನ್ನೂ ಭಾರತದ ಅಂಬೆಯನ್ನೂ ಆರಿಸಿಕೊಂಡರು. ಇದನ್ನು ಹೆಮನ್ಸಳ ಲೆಕ್ಕಕ್ಕೆ ಬರೆಯುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮಧುಸೂದನ ದತ್ತರ 'ವೀರಾಂಗನಾ' (1862) ಪುರಾಣಸ್ತ್ರೀಯರ ಪತ್ರಗಳಾಗಿ ಆಗಲೇ ಬಂಗಾಳಿಯಲ್ಲಿತ್ತು, ಅದರ ಮಾದರಿ ರೋಮಿನ ಓವಿಡ್. ಮೇಲಾಗಿ ಕಾಮಿನಿಯವರು 1886ರಲ್ಲಿ ಬೆಥೂನ್ ಕಾಲೇಜಿನಿಂದ ಸಂಸ್ಕೃತದಲ್ಲಿಯೇ ಆನರ್ಸ್ ಪದವಿ ಪಡೆದವರು. ಬಾಣನನ್ನು ಮೂಲದಲ್ಲಿ ಓದಬಲ್ಲವರಿಗೆ ಮಹಾಶ್ವೇತೆಯ ಪರಿಚಯವನ್ನು ಮಾಡಿಕೊಡಲು ವೇಲ್ಸಿನ ಹೆಂಗಸು ಬೇಕೆ? 1889ರಲ್ಲಿ ಅವರ 'ಆಲೋ ಓ ಛಾಯಾ'ಕ್ಕೆ ಹೇಮಚಂದ್ರ ಬಂದ್ಯೋಪಾಧ್ಯಾಯರಂಥ ಹಿರಿಯರು ಮುನ್ನುಡಿ ಬರೆದರು. ನಾಲ್ಕು ಜನ ಏನೆಂದಾರೋ ಎಂಬ ಅಳುಕಿನಿಂದ ಕೈಗೂಡದೆ ಹೋಗುವ ಸತ್ಕಾರ್ಯಗಳ ಮೇಲೆ ಅವರು ಬರೆದ ಕವಿತೆ ಬಂಗಾಳದ ಮಕ್ಕಳಿಗೆ ಬಾಯಿಪಾಠ. ಆ ಅಳುಕನ್ನು ಮೆಟ್ಟಿ ನಿಂತವರೇ 1921ರಲ್ಲಿ 'ಬಂಗೀಯ ನಾರೀ ಸಮಾಜ'ದ ಮುಂದಾಳುಗಳಲ್ಲೊಬ್ಬರಾಗಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದರು. 1925ರಲ್ಲಿ ಬಂಗಾಳದ ಹೆಂಗಸರಿಗೆ ಮಿತವಾಗಿಯಾದರೂ ಆ ಹಕ್ಕು ದಕ್ಕಿತು. ನೆರಳು, ನಿಟ್ಟುಸಿರು ಎಂದು ಷರಾ ಬರೆಯುವ ಪಂಡಿತರು ಹೇಳಲಿ: ಇದು ಹೆಮನ್ಸಳ ಯಾವ ಪುಟದಲ್ಲಿದೆ?