ಕೆಲಸ ಗೊತ್ತಿಲ್ಲದ ಜೀನ್‌ಗೆ ಪೇಟೆಂಟ್ ಏಕೆ?

ನೀರೆತ್ತುವ ಪಂಪ್‌ಗೆ ಪೇಟೆಂಟ್ ಕೇಳುವವರು ನೀರೆತ್ತಿ ತೋರಿಸಿದರೆ ಸಾಕು, ಅದರ ಉಪಯೋಗದ ಬಗ್ಗೆ ಮತ್ತೆ ಚರ್ಚೆ ಬೇಕಿಲ್ಲ. ಜೀನ್‌ನ ವಿಷಯ ಹಾಗಲ್ಲ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಆ ಉದ್ದನೆಯ ಸಾಲನ್ನು ಇಂದು ಯಂತ್ರವೇ ಓದಿ ಕೊಡುತ್ತದೆ. ಆ ಸಾಲು ದೇಹದಲ್ಲಿ ಮಾಡುವ ಕೆಲಸವೇನು ಎಂದು ಪತ್ತೆ ಹಚ್ಚಲು ಮಾತ್ರ ವರ್ಷಗಟ್ಟಲೆ ದುಡಿಯಬೇಕು. ಹಾಗಿರುವಾಗ ಇಪ್ಪತ್ತು ವರ್ಷಗಳ ಏಕಸ್ವಾಮ್ಯ ಸಲ್ಲಬೇಕಾದದ್ದು ಓದಿದ್ದಕ್ಕಲ್ಲ, ಉಪಯೋಗವನ್ನು ತೋರಿಸಿದ್ದಕ್ಕೆ. ಅದನ್ನು ಸಾಬೀತು ಮಾಡುವ ಹೊಣೆಯೂ ಅರ್ಜಿದಾರರದ್ದೇ.

ಅಮೆರಿಕದಲ್ಲಿ ಮಾನ್ಸಾಂಟೊ ಕಂಪನಿ ಮೆಕ್ಕೆಜೋಳದ ಐದು ಜೀನ್ ತುಣುಕುಗಳಿಗೆ ಪೇಟೆಂಟ್ ಕೇಳಿತ್ತು. ಆ ತುಣುಕುಗಳು ಸೇರಿದ ಜೀನ್‌ಗಳು ಗಿಡದಲ್ಲಿ ಏನು ಮಾಡುತ್ತವೆಂದು ಕಂಪನಿಗೇ ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕದಂತೆ ಇವೂ ಸಂಶೋಧನೆಯ ಸಾಧನಗಳು ಎಂಬುದು ಅದರ ವಾದ. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸೂಕ್ಷ್ಮದರ್ಶಕ ತನ್ನ ಕೆಳಗಿಟ್ಟ ವಸ್ತುವಿನ ರಚನೆಯನ್ನು ನೇರವಾಗಿ ತೋರಿಸುತ್ತದೆ. ಈ ತುಣುಕಾದರೋ ತನ್ನಂಥದೇ ಇನ್ನೊಂದು ಸಾಲು ಅಲ್ಲಿದೆ ಎಂದಷ್ಟೇ ಹೇಳುತ್ತದೆ, ಆ ಸಾಲಿನ ಕೆಲಸದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಉಪಯೋಗ ನಿರ್ದಿಷ್ಟವಾಗಿರಬೇಕು, ಗಣನೀಯವಾಗಿರಬೇಕು, ನಂಬುವಂತಿರಬೇಕು ಎಂದು ಅಮೆರಿಕದ ಪೇಟೆಂಟ್ ಕಚೇರಿ 2001ರಲ್ಲೇ ವಿಧಿಸಿದ್ದ ಷರತ್ತನ್ನು ಈ ತೀರ್ಪು ಗಟ್ಟಿಗೊಳಿಸಿತು.

ಷರತ್ತು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಸಿಸಿಆರ್5 ಜೀನ್ ಸಾಕ್ಷಿ. ಹ್ಯೂಮನ್ ಜೀನೋಮ್ ಸೈನ್ಸಸ್ ಕಂಪನಿ 1995ರಲ್ಲಿ ಇದಕ್ಕೆ ಅರ್ಜಿ ಹಾಕಿದಾಗ, ಈಗಾಗಲೇ ಗೊತ್ತಿದ್ದ ಜೀನ್‌ಗಳ ಹೋಲಿಕೆಯ ಮೇಲೆ ಇದೊಂದು ಜೀವಕೋಶದ ಗ್ರಾಹಕ ಎಂದು ಊಹಿಸಿತ್ತು. ಎಚ್‌ಐವಿ ನಮ್ಮ ಜೀವಕೋಶದೊಳಕ್ಕೆ ನುಗ್ಗಲು ಬಳಸುವ ಬಾಗಿಲು ಇದೇ ಎಂದು 1996ರಲ್ಲಿ ಕಂಡುಕೊಂಡದ್ದು ಬೇರೆ ಪ್ರಯೋಗಾಲಯಗಳ ವಿಜ್ಞಾನಿಗಳು. ಆದರೂ 2000ದಲ್ಲಿ ಪೇಟೆಂಟ್ ಸಿಕ್ಕಿದ್ದು ಕಂಪನಿಗೆ. ಬೆವರು ಸುರಿಸಿದವರು ಒಬ್ಬರು, ಬೇಲಿ ಹಾಕಿಕೊಂಡವರು ಇನ್ನೊಬ್ಬರು. ಇದು ನನ್ನ ಮಟ್ಟಿಗೆ ಅನ್ಯಾಯವೇ.

ಇಷ್ಟು ಬಿಗಿ ಮಾಡಿದರೆ ಹಣ ಹೂಡುವವರು ಯಾರು ಎಂಬ ಆಕ್ಷೇಪವಿದೆ; ಅದನ್ನು ತಳ್ಳಿಹಾಕುವಂತಿಲ್ಲ. ಇದೇ ಕಂಪನಿ ಪ್ರಯೋಗವಿಲ್ಲದೆ, ಕಂಪ್ಯೂಟರ್ ಹೋಲಿಕೆಯಿಂದಲೇ ಗುರುತಿಸಿದ ನ್ಯೂಟ್ರೊಕೈನ್ ಆಲ್ಫಾ ಎಂಬ ಪ್ರೋಟೀನಿನ ಪೇಟೆಂಟನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಆ ಪ್ರೋಟೀನನ್ನು ತಡೆಯುವ ಬೆಲಿಮುಮಾಬ್ ಅದೇ ವರ್ಷ ಲೂಪಸ್ ರೋಗಕ್ಕೆ ಔಷಧಿಯಾಗಿ ಬಂತು. ಊಹೆ ಫಲಿಸಿತು, ನಿಜ. ಆದರೆ ಆ ಅರ್ಜಿಯಲ್ಲಿ ಹೆಸರಿಸಿದ್ದ ರೋಗಗಳ ಪಟ್ಟಿ ಬಲು ಉದ್ದವಿತ್ತು. ಎಲ್ಲ ರೋಗಗಳನ್ನೂ ಬರೆದಿಟ್ಟರೆ ಒಂದಾದರೂ ಹೊಂದೀತು, ಅದು ಪುರಾವೆಯಾಗುವುದಿಲ್ಲ. ಔಷಧಿ ತಯಾರಿಸಿದವರು ಆ ಔಷಧಿಗೇ ಪೇಟೆಂಟ್ ಕೇಳಬಹುದು. ಹೂಡಿಕೆಗೆ ಆ ರಕ್ಷಣೆ ಸಾಕು.

ನಿಸರ್ಗದಲ್ಲಿರುವ ಜೀನ್‌ಗೆ ಪೇಟೆಂಟ್ ಇಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ ಮೇಲೆ ಪ್ರಶ್ನೆ ಮುಗಿಯಿತು ಎನ್ನುವವರಿದ್ದಾರೆ. ಆದರೆ ಪ್ರಯೋಗಾಲಯದಲ್ಲಿ ರೂಪಿಸಿದ ಪೂರಕ ಡಿಎನ್‌ಎಗೆ ಅದೇ ತೀರ್ಪು ಬಾಗಿಲು ತೆರೆದಿಟ್ಟಿದೆ. ಜೀನ್ ಸಾಲಿನ ಕೈಗಾರಿಕಾ ಬಳಕೆಯನ್ನು ಅರ್ಜಿಯಲ್ಲೇ ತಿಳಿಸಬೇಕೆಂದು ಯುರೋಪ್ 1998ರಲ್ಲೇ ನಿರ್ದೇಶನ ಹೊರಡಿಸಿದೆ. ನಮ್ಮ ಪೇಟೆಂಟ್ ಕಚೇರಿಯ 2013ರ ಜೈವಿಕ ತಂತ್ರಜ್ಞಾನ ಮಾರ್ಗಸೂಚಿಯೂ ಜೀನ್ ತುಣುಕಿಗೆ ಇಂಥದೇ ಸ್ಪಷ್ಟ ಉಪಯೋಗವನ್ನು ಕೇಳುತ್ತದೆ. ಆದರೆ ಮಾರ್ಗಸೂಚಿ ಕಾನೂನಲ್ಲ. ಸಂಸತ್ತು ಈ ಷರತ್ತನ್ನು ಪೇಟೆಂಟ್ ಕಾಯ್ದೆಯಲ್ಲೇ ಬರೆಯಲಿ.