ಕಿವಿ ಎರಡೇ, ಕಾರ್ಡಿಗೆ ಎಷ್ಟು ಕೊಡಬೇಕು?

ವಾರ್ಷಿಕ ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಮನೆಗಳಲ್ಲಿ ಬೇಡಿಕೆಗಳ ಪಟ್ಟಿ ಹೊರಬೀಳುತ್ತದೆ. ಮೊದಲು ಕಂಪ್ಯೂಟರ್ ಆಟಕ್ಕೆಂದು ಹೆಡ್‌ಫೋನ್ ಬಂತು. ಈಗ ಆ ಹೆಡ್‌ಫೋನಿಗೊಂದು ಸೌಂಡ್ ಕಾರ್ಡ್ ಬೇಕಂತೆ. ‘ಅದಿಲ್ಲದಿದ್ದರೆ ಶತ್ರುವಿನ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ’ ಎಂಬುದು ಮಕ್ಕಳ ವಾದ. ‘ಕೇಳಿಸುವುದಕ್ಕೆ ದೇವರು ಕೊಟ್ಟ ಕಿವಿ ಇಲ್ಲವೇ?’ ಎಂಬುದು ಅಪ್ಪಂದಿರ ವಾದ. ಜಗಳ ಬಿಡಿಸುವುದಕ್ಕೆ ಮೊದಲು ಈ ಕಾರ್ಡು ಮಾಡುವ ಕೆಲಸವಾದರೂ ಏನು ಎಂದು ನೋಡೋಣ.

ಕಂಪ್ಯೂಟರಿನೊಳಗೆ ಧ್ವನಿ ಎಂಬುದಿಲ್ಲ, ಬರೀ ಅಂಕಿಗಳಿವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಂಕಿಗಳಿದ್ದವು, ಎಡಗಿವಿಗೆ ಅಷ್ಟು, ಬಲಗಿವಿಗೆ ಅಷ್ಟು. ಈ ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿ ಬದಲಿಸುವುದು ಸೌಂಡ್ ಕಾರ್ಡಿನ ಮೊದಲ ಕೆಲಸ. ಆ ವೋಲ್ಟೇಜಿಗೆ ಹೆಡ್‌ಫೋನನ್ನು ನಡೆಸುವಷ್ಟು ಕಸುವು ತುಂಬುವುದು ಎರಡನೆಯದು. ಮೈಕಿನಿಂದ ಬಂದ ಮಾತನ್ನು ತಿರುಗಿ ಅಂಕಿ ಮಾಡುವುದು ಮೂರನೆಯದು.

ಒಂದು ಕಾಲದಲ್ಲಿ ಇದಕ್ಕೆ ಬೇರೆ ಕಾರ್ಡು ಬೇಕೇ ಬೇಕಿತ್ತು. ಆಗಿನ ಪಿ.ಸಿ.ಗೆ ‘ಬೀಪ್’ ಎನ್ನುವುದರ ಆಚೆಗೆ ಹೆಚ್ಚೇನೂ ಬರುತ್ತಿರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ‘ಸೌಂಡ್ ಬ್ಲಾಸ್ಟರ್’ ತಂದಾಗ ಆಟಗಳಿಗೆ ಬಾಯಿ ಬಂತು. ಆದರೆ 1997ರಲ್ಲಿ ಇಂಟೆಲ್ ಒಂದು ಮಾನಕ ಹೊರಡಿಸಿತು, 2004ರಲ್ಲಿ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ತಂದಿತು. ಅಲ್ಲಿಂದ ಈ ಕೆಲಸವೆಲ್ಲ ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿಗೆ ಇಳಿಯಿತು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಸೌಂಡ್ ಕಾರ್ಡ್ ಈಗಾಗಲೇ ಇದೆ ಎಂದೇ ಇದರ ಅರ್ಥ.

ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಹೆಡ್‌ಫೋನಿನ ತಂತಿಯ ತುದಿಯಲ್ಲಿ ಯು.ಎಸ್.ಬಿ. ಪಿನ್ನು ಇದ್ದರೆ ಅಥವಾ ಅದು ವೈರ್‌ಲೆಸ್ ಆಗಿದ್ದರೆ, ಕಾರ್ಡಿನ ಕೆಲಸ ಮಾಡುವ ಚಿಪ್ಪು ಅದರಲ್ಲೇ ಅಡಗಿದೆ. ಇಂಥ ಹೆಡ್‌ಫೋನಿಗೆ ಎಷ್ಟೇ ಬೆಲೆಯ ಕಾರ್ಡು ತಂದರೂ ಧ್ವನಿ ಅದರ ಮೂಲಕ ಹಾಯುವುದೇ ಇಲ್ಲ. ಹಣ ನೀರಿಗೆ ಹಾಕಿದಂತೆ. ದುಂಡನೆಯ 3.5 ಮಿಲಿಮೀಟರ್ ಪಿನ್ನು ಇದ್ದವರು ಮಾತ್ರ ಮುಂದೆ ಓದಬೇಕು.

ಹಾಗಾದರೆ ‘ಗುಂಯ್’ ಸದ್ದು, ‘ಸೊಂಯ್’ ಸದ್ದು ಏಕೆ ಬರುತ್ತದೆ? ಡಬ್ಬದ ಮುಂಭಾಗದ ತೂತಿಗೆ ಪಿನ್ನು ಸಿಕ್ಕಿಸಿದ್ದೀರಾ, ನೋಡಿ. ಮದರ್‌ಬೋರ್ಡಿನಿಂದ ಅಲ್ಲಿಯವರೆಗೆ ಒಂದು ತೆಳ್ಳನೆಯ ತಂತಿ ಹೋಗಿರುತ್ತದೆ. ದಾರಿಯಲ್ಲಿ ಅದು ಗ್ರಾಫಿಕ್ಸ್ ಕಾರ್ಡ್, ಫ್ಯಾನು, ಪವರ್ ಸಪ್ಲೈಗಳ ಮಗ್ಗುಲಲ್ಲೇ ಹಾಯುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನೆನಪಿದೆಯಲ್ಲ? ಬದಲಾಗುವ ವಿದ್ಯುತ್ತು ಪಕ್ಕದ ತಂತಿಯಲ್ಲೂ ತನ್ನ ನೆರಳು ಮೂಡಿಸುತ್ತದೆ. ಪಿನ್ನನ್ನು ಹಿಂಭಾಗದ ಹಸಿರು ತೂತಿಗೆ ಹಾಕಿ ನೋಡಿ. ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ, ಖರ್ಚು ಸೊನ್ನೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ದೋಷ ಚಾರ್ಜರಿನದೋ ಮನೆಯ ಅರ್ಥಿಂಗಿನದೋ ಆಗಿರಬಹುದು. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯುವುದು ಒಳ್ಳೆಯದು.

ಮೈಕು ಕೆಲಸ ಮಾಡದಿದ್ದರೆ ಪಿನ್ನನ್ನೇ ಬೆಳಕಿಗೆ ಹಿಡಿಯಿರಿ. ಅದರ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಧ್ವನಿ, ಮೈಕು ಎರಡೂ ಒಂದೇ ಪಿನ್ನಿನಲ್ಲಿವೆ. ಡೆಸ್ಕ್‌ಟಾಪಿನಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ತೂತು. ಒಂದನ್ನು ಎರಡಾಗಿ ಕವಲೊಡೆಸುವ ಸಣ್ಣ ತಂತಿ ಸಾಕು. ಆದರೆ ಇಬ್ಬರು ಒಟ್ಟಿಗೆ ಹಾಡು ಕೇಳಲೆಂದು ಮಾರುವ ಕವಲು ತಂತಿ ಬೇರೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಅದು ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸದ್ದು ಉಳಿದರೆ, ಅಥವಾ ತೂತೇ ಸಡಿಲವಾಗಿ ಹಾಳಾಗಿದ್ದರೆ, ಆಗ ಕಾರ್ಡು ಕೊಳ್ಳಬಹುದು. ಡಬ್ಬದ ಒಳಗೆ ಕೂರಿಸುವ ಕಾರ್ಡು ಬೇಡ, ಅದು ಮತ್ತೆ ಅದೇ ಗದ್ದಲದ ಸಂತೆಯಲ್ಲೇ ಕೂರುತ್ತದೆ. ಯು.ಎಸ್.ಬಿ.ಗೆ ಸಿಕ್ಕಿಸುವ, ಬೆರಳುದ್ದದ ಅಡಾಪ್ಟರ್ ಆದರೆ ಅಂಕಿಗಳನ್ನು ಹೊರಗೆ ತಂದು ಅಲ್ಲಿ ಧ್ವನಿ ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವು ಕೆಲವು ನೂರು ರೂಪಾಯಿಗೂ ಸಿಗುತ್ತವೆ, ಹಲವು ಸಾವಿರಕ್ಕೂ ಸಿಗುತ್ತವೆ. ಮೈಕಿಗೂ ಬರುತ್ತದೆಯೇ, ಸದ್ದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬ ಎರಡು ಪ್ರಶ್ನೆ ಕೇಳಿ ಕೊಳ್ಳಿ.

ಡಬ್ಬಿಯ ಮೇಲಿನ ಅಂಕಿಗಳಿಗೆ ಮರುಳಾಗಬೇಡಿ. ಸೆಕೆಂಡಿಗೆ 44,100 ಅಂಕಿಗಳಿದ್ದರೆ ಅದರ ಅರ್ಧ, ಅಂದರೆ ಸುಮಾರು 22,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿಯಬಹುದು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್. ವಯಸ್ಸಾದ ನಮ್ಮಂಥವರಿಗೆ ಅದೂ ಇಲ್ಲ. ‘192 ಕಿಲೋಹರ್ಟ್ಸ್’ ಎಂದು ಬರೆದ ಕಾರ್ಡಿನಿಂದ ಬಾವಲಿಗೆ ಉಪಯೋಗವಾದೀತು.

‘7.1’ ಎಂಬ ಮಂತ್ರವೂ ಹಾಗೆಯೇ. ಅದು ಕೋಣೆಯ ಸುತ್ತ ಎಂಟು ಸ್ಪೀಕರ್ ಇಡುವವರ ಲೆಕ್ಕ. ನಮಗಿರುವುದು ಎರಡೇ ಕಿವಿ. ಶತ್ರು ಬಲಗಡೆಯಿಂದ ಬಂದರೆ ಅವನ ಸಪ್ಪಳ ಬಲಗಿವಿಗೆ ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಆಮೇಲೆ ತಲುಪುತ್ತದೆ. ಸುತ್ತುದಾರಿ ಸುಮಾರು 22 ಸೆಂಟಿಮೀಟರ್, ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್. ಭಾಗಿಸಿ ನೋಡಿ: ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಅಂತರವನ್ನು ಮೆದುಳು ಲೆಕ್ಕ ಹಾಕಿ ದಿಕ್ಕು ಹೇಳುತ್ತದೆ ಎಂಬುದೇ ಆಟಕ್ಕಿಂತ ದೊಡ್ಡ ಸೋಜಿಗ. ಈ ಅಂತರವನ್ನೂ ಕಿವಿಯ ಹಾಲೆ ಧ್ವನಿಯಲ್ಲಿ ಮಾಡುವ ಮಾರ್ಪಾಡನ್ನೂ ಲೆಕ್ಕದಿಂದಲೇ ಸೃಷ್ಟಿಸುವ ಏರ್ಪಾಡು ಕೌಂಟರ್ ಸ್ಟ್ರೈಕ್, ವ್ಯಾಲೊರೆಂಟ್‌ನಂಥ ಆಟಗಳ ಒಳಗೇ ಇದೆ. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೋನಿಕ್’ ಹೆಸರಿನಲ್ಲಿ ಪುಕ್ಕಟೆಯಾಗಿಯೂ ಇದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ದಿಕ್ಕು ಕಲಸುಮೇಲೋಗರವಾಗುತ್ತದೆ. ಒಂದು ಸಾಕು.

ಇನ್ನು ಕಸುವಿನ ವಿಷಯ. ಇದನ್ನು ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಮಾಡಬೇಕು. ಆಟದ ಹೆಡ್‌ಫೋನುಗಳ ರೋಧ ಸಾಮಾನ್ಯವಾಗಿ 32 ಓಮ್. ಅದರ ಚೀಟಿಯಲ್ಲಿ ‘1 ಮಿಲಿವಾಟಿಗೆ 100 ಡೆಸಿಬೆಲ್’ ಎಂದಿದೆ ಎನ್ನೋಣ. ಅಡಾಪ್ಟರ್ 1 ವೋಲ್ಟ್ ಕೊಟ್ಟರೆ, ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿ: 31 ಮಿಲಿವಾಟ್. ಸಾಮರ್ಥ್ಯ ಇಮ್ಮಡಿಯಾದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. ಒಂದರಿಂದ ಮೂವತ್ತೆರಡರ ಸಮೀಪಕ್ಕೆ ಐದು ಇಮ್ಮಡಿ, ಅಂದರೆ 15 ಡೆಸಿಬೆಲ್. ಒಟ್ಟು 115! ಬೆರಳುದ್ದದ ವಸ್ತು ಕಿವಿಯನ್ನು ಕೆಡಿಸುವಷ್ಟು ಸದ್ದು ಮಾಡಬಲ್ಲದು ಎಂದಾಯಿತು. ದೊಡ್ಡ ಆಂಪ್ಲಿಫಯರ್ ಬೇಕಾಗುವುದು 250 ಓಮ್, 600 ಓಮ್ ರೋಧದ ಸ್ಟುಡಿಯೊ ಹೆಡ್‌ಫೋನುಗಳಿಗೆ. ಬಜೆಟ್ ಕಟ್ಟಿಕೊಂಡು ಆಟವಾಡುವವರು ಅವುಗಳ ಗೊಡವೆಗೆ ಹೋಗುವುದು ಬೇಡ. ಕೈಯಲ್ಲಿ ಮೂರು ಸಾವಿರವಿದ್ದರೆ ಬಹುಪಾಲನ್ನು ಹೆಡ್‌ಫೋನಿಗೇ ಹಾಕಿ.

ಅಮ್ಮ ಅಪ್ಪಂದಿರು ಕಾರ್ಡಿನ ಬೆಲೆಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ಆ 115ರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 3 ಡೆಸಿಬೆಲ್ ಏರಿದಂತೆಲ್ಲ ಗಂಟೆ ಅರ್ಧವಾಗುತ್ತದೆ. 83ಕ್ಕೆ 20, 86ಕ್ಕೆ 10, 89ಕ್ಕೆ ವಾರಕ್ಕೆಲ್ಲ ಸೇರಿ 5 ಗಂಟೆ. ಮಕ್ಕಳಿಗೆ ಮೊದಲ ಮಿತಿಯೇ 75. ಹೆಜ್ಜೆ ಸಪ್ಪಳ ಕೇಳಲೆಂದು ವಾಲ್ಯೂಮ್ ಏರಿಸಿದಾಗ ಅದೇ ಕಿವಿಗೆ ಬಾಂಬೂ ಬೀಳುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ‘ನೈಟ್ ಮೋಡ್’ ಇದ್ದರೆ ಹಾಕಿಡಿ. ಅದು ದೊಡ್ಡ ಸದ್ದನ್ನು ತಗ್ಗಿಸಿ, ಸಣ್ಣದನ್ನು ಎತ್ತುತ್ತದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಟ ಮುಗಿಸಿ ಎದ್ದ ಮೇಲೆ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತದೆಯೇ ಎಂದು ಮಗುವನ್ನು ಇವತ್ತೇ ಕೇಳಿ. ಹೌದೆಂದರೆ ಹೆಡ್‌ಫೋನನ್ನು ಕೆಲವು ದಿನ ಎತ್ತಿಡಿ. ಆಮೇಲೂ ನಿಲ್ಲದಿದ್ದರೆ ಕಾರ್ಡಿಗೆಂದು ತೆಗೆದಿಟ್ಟ ಹಣದಲ್ಲಿ ಕಿವಿಯ ವೈದ್ಯರ ಬಳಿ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ.