ವಿದ್ಯೆಯ ಬಾಗಿಲಿಗೆ ಹೋಗುವ ಬಸ್ಸು ಎಲ್ಲಿ?

ರಾಯಚೂರು ಜಿಲ್ಲೆಗೆ ತನ್ನದೇ ಆದ ವಿಶ್ವವಿದ್ಯಾಲಯ ಬೇಕೆಂದು ನಾವೆಲ್ಲ ಬಹುಕಾಲ ಹಂಬಲಿಸಿದ್ದುಂಟು. 1980ರಲ್ಲಿ ಕಲಬುರಗಿಗೆ ವಿಶ್ವವಿದ್ಯಾಲಯ ದೊರೆಯಿತು. ನಮ್ಮ ಪಾಲಿಗೆ ಯರಗೇರಾದಲ್ಲೊಂದು ಸ್ನಾತಕೋತ್ತರ ಕೇಂದ್ರ ಬಂದಿತು. ಮುಂದೆ ಅದೇ ಆವರಣದಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳ ಪ್ರತ್ಯೇಕ ವಿಶ್ವವಿದ್ಯಾಲಯ ತಲೆಯೆತ್ತಿತು. ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ರೈತನ ಮಗನಾಗಲಿ ಮಗಳಾಗಲಿ ಆ ಬಾಗಿಲನ್ನು ಪ್ರತಿನಿತ್ಯ ಮುಟ್ಟುವ ಬಗೆ ಹೇಗೆ ಎಂಬ ಪ್ರಶ್ನೆಯನ್ನು, ಕೇಳಬೇಕಾದವರು ಕೇಳಿದಂತೆ ಕಾಣುವುದಿಲ್ಲ.

ಲೆಕ್ಕ ಸರಳವಾಗಿದೆ. ಸಿಂಧನೂರಿನಿಂದ ರಾಯಚೂರು ಸುಮಾರು 90 ಕಿಲೋಮೀಟರು. ಲಿಂಗಸುಗೂರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಮಂತ್ರಾಲಯದ ದಾರಿ ಹಿಡಿದು ಯರಗೇರಾಕ್ಕೆ ಮತ್ತೆ ಸುಮಾರು 20. ಹೋಗಿಬರಲು ದಿನಕ್ಕೆ 220 ಕಿಲೋಮೀಟರು! ನಸುಕಿನಲ್ಲಿ ಮನೆ ಬಿಟ್ಟು, ದೀಪ ಹಚ್ಚಿದ ಮೇಲೆ ಮನೆ ಸೇರುವ ಹುಡುಗ ಪುಸ್ತಕ ತೆರೆಯುವುದೆಂದು? ಎತ್ತಿಗಾದರೂ ನಡುಮಧ್ಯಾಹ್ನ ನೊಗ ಇಳಿಸಿ ನೆರಳಿಗೆ ಕಟ್ಟುವ ರೂಢಿ ನಮ್ಮಲ್ಲಿದೆ.

ಯರಗೇರಾದ ಮಾತು ಒತ್ತಟ್ಟಿಗಿರಲಿ. ಈ ಮೂರು ಊರುಗಳಲ್ಲಿಯೇ ಪದವಿ ಕಾಲೇಜುಗಳುಂಟು. ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿಗೆ ಬರುವ ಪಾಡನ್ನು ನೋಡಿರಿ. ಕಳೆದ ಮಳೆಗಾಲದಲ್ಲಿ ಮಸ್ಕಿಯ ಸಮೀಪದ ಹಳ್ಳಿಯೊಂದರ ಕಟ್ಟೆಯ ಬಳಿ ನಾನು ಒಂದು ಮುಂಜಾನೆ ನಿಂತಿದ್ದೆ. ನಲವತ್ತಕ್ಕೆ ಕಡಿಮೆಯಿಲ್ಲದ ವಿದ್ಯಾರ್ಥಿಗಳು. ಮೊದಲ ಬಸ್ಸು ತುಂಬಿ ಬಂದಿತು, ನಿಲ್ಲಲಿಲ್ಲ. ಎರಡನೆಯದು ಒಂದು ಮಾರು ಮುಂದೆ ಹೋಗಿ ನಿಂತಿತು. ಓಡಬಲ್ಲವರು ಓಡಿದರು, ಹತ್ತಬಲ್ಲವರು ಹತ್ತಿದರು. ಬಾಗಿಲ ಮೆಟ್ಟಿಲ ಮೇಲೆ ಒಂದೇ ಕಾಲೂರಿ ಜೋತುಬಿದ್ದ ಹುಡುಗನೊಬ್ಬನ ಚೀಲ ಗಾಳಿಗೆ ಹಾರಾಡುತ್ತಿತ್ತು. ಉಳಿದವರಲ್ಲಿ ಒಬ್ಬಳನ್ನು “ಇನ್ನೇನು ಮಾಡುತ್ತೀ ತಂಗಿ?” ಎಂದು ಕೇಳಿದೆ. “ಮೊದಲನೇ ಪಾಠ ಹ್ಯಾಂಗೂ ಹೋತ್ರಿ, ಎರಡನೇದಕ್ಕ ನೋಡೂಣು” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

“ಎಲ್ಲವೂ ಶಕ್ತಿ ಯೋಜನೆಯಿಂದ ಕೆಟ್ಟಿತು” ಎಂದು ಹೇಳುವ ಮಹನೀಯರಿದ್ದಾರೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದಂದಿನಿಂದ ಬಸ್ಸುಗಳಲ್ಲಿ ಜನ ಹೆಚ್ಚಾದದ್ದು ನಿಜ. ಪಂಕ್ತಿಗೆ ಜನ ಹೆಚ್ಚಾದರೆ ಎಸರಿಗೆ ಅಕ್ಕಿ ಹೆಚ್ಚು ಹಾಕುವುದು ದಾಸೋಹದ ಮನೆಯ ರೀತಿ. ಎಲೆಯ ಮುಂದೆ ಕುಳಿತ ತಾಯಿಯನ್ನು ಎಬ್ಬಿಸಿ ಕಳಿಸುವ ರೀತಿಯನ್ನು ನಾವು ಎಲ್ಲಿಯೂ ಕಾಣೆವು. ಟಿಕೆಟಿನ ಹಣ ಬಿಟ್ಟುಕೊಟ್ಟ ಸರಕಾರವು ಬಸ್ಸಿನ ಸಂಖ್ಯೆಯನ್ನೂ ಹೆಚ್ಚಿಸಬೇಕಾಗಿತ್ತು. ಇನ್ನು ಹುಡುಗರ ಸಂಗತಿ: ರಿಯಾಯಿತಿ ಪಾಸಿಗೆ 60 ಕಿಲೋಮೀಟರುಗಳ ಗಡಿ. ಅಕ್ಕ ಕಾಸಿಲ್ಲದೆ ಯರಗೇರಾದವರೆಗೆ ಹೋಗಬಲ್ಲಳು, ತಮ್ಮನ ಪಾಸು ಮಾನ್ವಿ ದಾಟಿ ಸ್ವಲ್ಪ ದೂರದಲ್ಲಿ ಉಸಿರು ಬಿಡುತ್ತದೆ! ಒಂದೇ ಮನೆಯ, ಒಂದೇ ಬಡತನದ ಮಕ್ಕಳಿಗೆ ಎರಡು ಅಳತೆಗೋಲು.

“ಮೋಟಾರು ಸೈಕಲ್ ಇದೆಯಲ್ಲ?” ಎನ್ನುವವರು ಈ ರಸ್ತೆಗಳನ್ನು ಬಲ್ಲವರಲ್ಲ. ಸುಗ್ಗಿಯ ದಿನಗಳಲ್ಲಿ ಭತ್ತದ ಲಾರಿಗಳ ನಡುವೆ ಸಾಲ ಮಾಡಿ ಕೊಂಡ ಒಂದು ಗಾಡಿಯ ಮೇಲೆ ಮೂವರು ಹುಡುಗರು ಹೋಗುವುದನ್ನು ಕಂಡವರಿಗೆ ಎದೆ ನಡುಗದಿರದು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಮಾನ್ವಿ ತಾಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಅಸುನೀಗಿದರು. ದೊಡ್ಡ ವಾಹನದೊಳಗಿದ್ದವರಿಗೇ ಈ ಗತಿಯಾದರೆ ಉಳಿದವರ ಪಾಡೇನು?

ವಸತಿನಿಲಯಗಳ ಮಾತನ್ನು ನಾವು ಲಘುವಾಗಿ ಕಾಣಲಾರೆವು. ಈ ನಾಡಿನ ಮಠಗಳು ಪ್ರಸಾದನಿಲಯಗಳನ್ನು ಕಟ್ಟಿದ್ದೇ ದೂರದ ಬಡ ಮಕ್ಕಳಿಗಾಗಿ. ಅವು ಇನ್ನಷ್ಟು ಬೆಳೆಯಬೇಕು. ಆದರೂ ಸಂಜೆ ಕಾಲುವೆಯ ನೀರಿನ ಪಾಳಿಗೆ ಹೊಲಕ್ಕೆ ಹೋಗಲೇಬೇಕಾದ ಹುಡುಗನಿದ್ದಾನೆ. ಹಾಸಿಗೆ ಹಿಡಿದ ತಾಯಿಗೆ ಗಂಜಿ ಕಾಯಿಸಬೇಕಾದ ಹುಡುಗಿಯಿದ್ದಾಳೆ. ಮನೆ ಬಿಟ್ಟು ಬರಲಾರದವನಿಗೆ ವಿದ್ಯೆ ಬೇಡವೆನ್ನೋಣವೆ?

ರೈಲಿನ ಕಥೆ ಇನ್ನೂ ಸೊಗಸು. ರಾಯಚೂರಿಗೆ ಉಗಿಬಂಡಿ ಬಂದದ್ದು 1871ರಲ್ಲಿ. ಸಿಂಧನೂರನ್ನು ಹಾಯುವ ಮುನಿರಾಬಾದ್–ಮಹಬೂಬನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. 2024ರಲ್ಲಿ ಆ ಹಳಿ ಸಿಂಧನೂರನ್ನು ಮುಟ್ಟಿದಾಗ ಗಾಡಿ ಹೊರಟದ್ದು ಹುಬ್ಬಳ್ಳಿಯ ಕಡೆಗೆ. ಸ್ವಂತ ಜಿಲ್ಲಾಕೇಂದ್ರದ ಕಡೆಗಲ್ಲ. ಲಿಂಗಸುಗೂರಿಗೆ ಬರಬೇಕಾದ ಗದಗ–ವಾಡಿ ಮಾರ್ಗ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಬಂದಿತು. ಅಶೋಕನ ಹೆಸರನ್ನು ಬಂಡೆಯ ಮೇಲೆ ಹೊತ್ತ ಮಸ್ಕಿ ಎರಡೂ ಹಳಿಗಳಿಗೆ ದೂರ. ಮಂಜೂರಾತಿಯ ವರ್ಷ ಹುಟ್ಟಿದ ಕೂಸು 2024ಕ್ಕೆ ಎಂ.ಎ. ಮುಗಿಸಿ ನಾಲ್ಕು ವರ್ಷವಾಗಿರುತ್ತಿತ್ತು, ಬಸ್ಸು ಸಿಕ್ಕಿದ್ದರೆ!

ಹೆಸರಿಡುವುದರಲ್ಲಿ ಮಾತ್ರ ನಮಗೆ ಕೊರತೆಯಾಗಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು; 2021ರಲ್ಲಿ ಸಾರಿಗೆ ಸಂಸ್ಥೆಯೂ ಆ ಹೆಸರನ್ನು ಧರಿಸಿತು; ವಿಶ್ವವಿದ್ಯಾಲಯಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ನಾಮಕರಣವಾಯಿತು. ಹೆಸರುಗಳೆಲ್ಲ ಪೂಜ್ಯವಾದವು. ಸಂವಿಧಾನದ 371(ಜೆ) ವಿಧಿಯು ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ ಸೀಟು ಕಾಯ್ದಿರಿಸಿತು. ಅಲ್ಲಿಗೆ ಒಯ್ಯುವ ಬಸ್ಸಿನಲ್ಲಿ ಸೀಟನ್ನು ಯಾವ ವಿಧಿ ಕೊಡಬೇಕು?

ನಷ್ಟವಾಗುತ್ತದೆ ಎಂಬ ಉತ್ತರ ಬರುವುದನ್ನು ನಾವು ಬಲ್ಲೆವು. ಗ್ರಂಥಾಲಯಕ್ಕೆ, ಪ್ರಯೋಗಶಾಲೆಗೆ ಲಾಭದ ಲೆಕ್ಕ ಕೇಳದವರು ವಿದ್ಯಾರ್ಥಿಯ ಬಸ್ಸಿಗೆ ಮಾತ್ರ ಏಕೆ ಕೇಳುತ್ತಾರೆ? ನಾವು ಬೇಡುವುದು ದೊಡ್ಡದೇನಲ್ಲ. ಸಿಂಧನೂರಿನಿಂದ ಮಾನ್ವಿಯ ಮೇಲೆ, ಲಿಂಗಸುಗೂರಿನಿಂದ ಸಿರವಾರದ ಮೇಲೆ, ಮಸ್ಕಿಯ ಮಕ್ಕಳನ್ನೂ ಕರೆದುಕೊಂಡು, ತರಗತಿಯ ವೇಳೆಗೆ ಸರಿಯಾಗಿ ಯರಗೇರಾ ಮುಟ್ಟುವ ನೇರ ಬಸ್ಸುಗಳು. ಪಾಸಿನ ದೂರದ ಗಡಿಯನ್ನು ವಿಶ್ವವಿದ್ಯಾಲಯದ ಬಾಗಿಲವರೆಗೆ ಸರಿಸುವುದು. ಹಳ್ಳಿಗಳ ಬಸ್ಸಿನ ವೇಳೆಯನ್ನು ಘಟಕದ ಅಧಿಕಾರಿಗಳೂ ಕಾಲೇಜುಗಳ ಪ್ರಾಚಾರ್ಯರೂ ಒಟ್ಟಿಗೆ ಕುಳಿತು, ವರ್ಷಾರಂಭಕ್ಕೆ ಮುಂಚೆಯೇ ಗೊತ್ತುಪಡಿಸುವುದು. ಬರುವ ವರ್ಷ ಪ್ರವೇಶದ ಪ್ರಕಟಣೆಯನ್ನು ಹಲಗೆಗೆ ಅಂಟಿಸುವಾಗ, ಅದರ ಪಕ್ಕದಲ್ಲಿಯೇ ಬಸ್ಸಿನ ವೇಳಾಪಟ್ಟಿಯನ್ನೂ ಅಂಟಿಸಲಿ.